ಹೆಸರು ಪಾಂಡು, ಭಯ ಪಾಂಡುರೋಗದ್ದು

ಪ್ರಕರಣ ಬರೆಯುವಾಗ ಹೆಸರು ಬದಲಿಸುವುದು ಆಪ್ತಸಲಹೆಗಾರರಾದ ನಮ್ಮ ವೃತ್ತಿಯ ರೂಢಿ. ಇಲ್ಲಿ ಹೆಸರೇ ಸಮಸ್ಯೆಯಾದ್ದರಿಂದ, ಬಾಲಕನ ಮತ್ತು ಪೋಷಕರ ಒಪ್ಪಿಗೆಯಿಂದ ಅದೊಂದನ್ನು ಉಳಿಸಿಕೊಂಡು, ಗುರುತು ಸಿಗಬಹುದಾದ ಉಳಿದ ವಿವರಗಳನ್ನು ಮಾರ್ಪಡಿಸಿದ್ದೇನೆ.

ಪಾಂಡುವಿಗೆ 13 ವರ್ಷ. ಅದು ಅವನ ಅಜ್ಜನ ಹೆಸರು. ಮೈ ಬಿಳಿಚಿಕೊಳ್ಳುವ, ಬಹುಮಟ್ಟಿಗೆ ರಕ್ತಹೀನತೆಯನ್ನು ಹೋಲುವ ಕಾಯಿಲೆಯನ್ನು ಆಯುರ್ವೇದವು ಪಾಂಡುರೋಗವೆನ್ನುತ್ತದೆ. ಇದನ್ನು ಎಲ್ಲಿಯೋ ಓದಿದ ಇಬ್ಬರು ಸಹಪಾಠಿಗಳು ಹಾಜರಿ ಕರೆದಾಗಲೆಲ್ಲ ‘ರೋಗ’ ಎಂದು ಪಿಸುಗುಟ್ಟತೊಡಗಿದರು. ಹೆಸರು ಬದಲಿಸದಿದ್ದರೆ ಶಾಲೆಗೆ ಹೋಗುವುದಿಲ್ಲವೆಂದು ಹುಡುಗ ಹಟ ಹಿಡಿದ.

ತಂದೆ ಸಮಾಧಾನಕ್ಕೆಂದು ಪಾಂಡವರ ತಂದೆಯ ಕಥೆ ಹೇಳಿದ್ದರು. ಆದರೆ ವ್ಯಾಸರನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡದ್ದರಿಂದ ಪಾಂಡು ಬಿಳಿಚಿದ ಮೈಯಲ್ಲಿಯೇ ಹುಟ್ಟಿದ, ಮುಂದೆ ಶಾಪದಿಂದ ಸತ್ತ ಎಂಬುದೂ ಅದೇ ಕಥೆಯಲ್ಲಿದೆ. ಹುಡುಗನ ಮನಸ್ಸಿನಲ್ಲಿ ಕೂತದ್ದು ಅಷ್ಟೇ. ಮೊದಲ ಭೇಟಿಯಲ್ಲಿ ನಾನೂ, ಪಾಂಡುವೆಂದರೆ ಹಳದಿ ಬೆರೆತ ಬಿಳಿ ಬಣ್ಣ, ರೋಗಕ್ಕೆ ಹೆಸರು ಬಂದದ್ದು ಬಣ್ಣದಿಂದ ಎಂದು ಪಾಠ ಮಾಡಿದೆ. ಅವನು ತಲೆಯಾಡಿಸಿದ, ಏನನ್ನೂ ಹೇಳಲಿಲ್ಲ. ಎರಡನೆಯ ಭೇಟಿಯಲ್ಲಿ ತಂದೆಯನ್ನು ಹೊರಗೆ ಕೂರಿಸಿ ಸುಮ್ಮನೆ ಕೇಳಿದಾಗ, ದಿನಕ್ಕೆ ಹತ್ತಾರು ಸಲ ಕನ್ನಡಿಯೆದುರು ಕೆಳರೆಪ್ಪೆ ಎಳೆದು ಕೆಂಪಿದೆಯೇ ಎಂದು ನೋಡಿಕೊಳ್ಳುತ್ತಿರುವುದಾಗಿ ತಿಳಿಸಿದ. ಚರಕಸಂಹಿತೆ ಹೇಳುವ ಐದು ಬಗೆಯ ಪಾಂಡುರೋಗಗಳಲ್ಲಿ ಒಂದು ಮಣ್ಣು ತಿನ್ನುವುದರಿಂದ ಬರುವಂಥದ್ದೆಂದು ಅವನು ಹುಡುಕಿ ಓದಿದ್ದ. ಚಿಕ್ಕವನಿದ್ದಾಗ ತಾನು ಮಣ್ಣು ತಿನ್ನುತ್ತಿದ್ದುದನ್ನು ಮನೆಯವರ ಬಾಯಲ್ಲಿ ಕೇಳಿದ್ದ.

ಆದ್ದರಿಂದ ಮೊದಲು ವೈದ್ಯರ ಬಳಿ ಕಳುಹಿಸಿದೆ. ಹಿಮೋಗ್ಲೋಬಿನ್ 13.2 ಗ್ರಾಂ ಬಂತು. 12ರಿಂದ 14 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಕ್ತಹೀನತೆಯ ಗಡಿ ಡೆಸಿಲೀಟರಿಗೆ 12 ಗ್ರಾಂ. ವೈದ್ಯರು ಹೇಳದೆ ಮತ್ತೆ ಪರೀಕ್ಷೆ ಮಾಡಿಸಬಾರದು, ‘ನನಗೇನೂ ಇಲ್ಲ ತಾನೇ?’ ಎಂದು ಅವನು ಕೇಳಿದಾಗಲೆಲ್ಲ ಭರವಸೆ ಕೊಡುತ್ತಲೂ ಇರಬಾರದು ಎಂದು ಪೋಷಕರಿಗೆ ತಿಳಿಸಿದೆ, ಏಕೆಂದರೆ ಪ್ರತಿ ಭರವಸೆಯೂ ಮುಂದಿನ ಅನುಮಾನದವರೆಗೆ ಮಾತ್ರ ಬಾಳುತ್ತದೆ. ರೆಪ್ಪೆ ನೋಡಬೇಕೆನಿಸಿದರೆ ಹತ್ತು ನಿಮಿಷ ಮುಂದೂಡುವಂತೆ, ಆ ಅವಧಿಯನ್ನು ಕ್ರಮೇಣ ಹೆಚ್ಚಿಸುವಂತೆ ಹುಡುಗನಿಗೆ ಹೇಳಿದೆ. ಪಿಸುಗುಟ್ಟುವವರನ್ನು ಇಡೀ ತರಗತಿಯೆದುರು ಗದರಿಸದೆ, ಬೇರೆಬೇರೆಯಾಗಿ ಕರೆದು ಮಾತನಾಡಿಸುವಂತೆ ತರಗತಿಯ ಶಿಕ್ಷಕರನ್ನು ಕೋರಿದೆ.

ಹೆಸರು ಬದಲಿಸುವ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಅಜ್ಜನ ಮೇಲಿನ ಗೌರವವನ್ನು ಮೊಮ್ಮಗನ ನೆಮ್ಮದಿಯೊಂದಿಗೆ ತೂಗುವುದು ನನಗೆ ಸರಿಯೆನಿಸಲಿಲ್ಲ. ಭಯ ಇಳಿದ ಮೇಲೆ, ಆರು ತಿಂಗಳ ನಂತರ, ಅವನೇ ನಿರ್ಧರಿಸಲೆಂದು ಸೂಚಿಸಿದಾಗ ತಂದೆ ಸ್ವಲ್ಪ ತಡೆದು ಒಪ್ಪಿದರು. ನಾಲ್ಕನೆಯ ಭೇಟಿಯ ಹೊತ್ತಿಗೆ ಅವನು ಶಾಲೆಗೆ ಹೋಗುತ್ತಿದ್ದ, ಕನ್ನಡಿ ನೋಡುವುದು ದಿನಕ್ಕೆ ಎರಡು ಸಲಕ್ಕೆ ಇಳಿದಿತ್ತು. ಹೆಸರಿನ ವಿಷಯದಲ್ಲಿ ಮಾತ್ರ ಇನ್ನೂ ಎರಡು ತಿಂಗಳು ಬಾಕಿಯಿದೆ ಎಂದು ಲೆಕ್ಕ ಒಪ್ಪಿಸಿದ.