ಕೇಸ್ ಹಿಸ್ಟರಿ ಅರ್ಧಕ್ಕೆ ನಿಂತಾಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

22ರ ಹುಡುಗಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಎರಡನೇ ಸೆಮಿಸ್ಟರ್. "ಮೇಡಂ, ನಾನು ಈ ಕೋರ್ಸಿಗೆ ಲಾಯಕ್ಕಿಲ್ಲ, ಬಿಟ್ಟುಬಿಡ್ತೀನಿ" ಎನ್ನುತ್ತಲೇ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂತಳು. ಮಾರ್ಕ್ಸ್ ಕಡಿಮೆಯೇನೂ ಇರಲಿಲ್ಲ.

ತೊಂದರೆ ಇದ್ದದ್ದು ಫೀಲ್ಡ್ ವರ್ಕಿನಲ್ಲಿ. ವಾರಕ್ಕೆ ಎರಡು ದಿನ ಸಂಸ್ಥೆಗೆ ಹೋಗಬೇಕು, ವರದಿ ಬರೆದು ಮೇಷ್ಟ್ರಿಗೆ ತೋರಿಸಬೇಕು. ಇವಳನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಹಾಕಿದ್ದರು. ಅಲ್ಲಿ ಒಬ್ಬ ರೋಗಿಯ ಕೇಸ್ ಹಿಸ್ಟರಿ (ಅವರ ಹಿನ್ನೆಲೆಯ ವಿವರ) ಬರೆದುಕೊಳ್ಳುವಾಗ ಅವರು, "ನನ್ನ ಮಗಳೂ ನಿನ್ನಷ್ಟೇ ಇದ್ದಾಳಮ್ಮ. ಮಾತು ಬಿಟ್ಟಿದ್ದಾಳೆ" ಎಂದರಂತೆ. ಪೆನ್ನು ಅಲ್ಲೇ ನಿಂತಿತು. ಇವಳ ಅಪ್ಪನೂ ಕುಡಿಯುತ್ತಾರೆ. ಇವಳು ಅವರ ಜೊತೆ ಮಾತು ಬಿಟ್ಟು ಎರಡು ವರ್ಷ.

ಆಮೇಲೆ ನಾಲ್ಕು ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಹಾಸ್ಟೆಲಿಗೆ ವಾಪಸ್ ಹೋಗಿದ್ದಾಳೆ. ಆ ದಿನಗಳಿಗೂ ವರದಿ ಬರೆದುಕೊಟ್ಟಿದ್ದಾಳೆ. ಇದನ್ನು ಹೇಳುವಾಗ ತುಂಬಾ ಅತ್ತಳು. ಅಳು ಮುಗಿಯುವವರೆಗೆ ನಾನು ಏನೂ ಹೇಳಲಿಲ್ಲ.

"ನೋಡಮ್ಮ, ಮೊದಲು ಆ ನಾಲ್ಕು ವರದಿ. ಸಂಸ್ಥೆಯಿಂದ ಹಾಜರಿ ವಿವರ ಕಾಲೇಜಿಗೆ ಹೋಗೋ ಮುಂಚೆ ನೀನೇ ಮೇಷ್ಟ್ರಿಗೆ ಹೇಳು." ಈ ವಿಷಯದಲ್ಲಿ ನಾನು ಸಡಿಲ ಬಿಡಲಿಲ್ಲ. ಸುಳ್ಳು ವರದಿ ನಂಬಿಕೊಂಡು ನಾಳೆ ಯಾರೋ ಒಬ್ಬ ರೋಗಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಹುದು, ಅಲ್ವಾ? ಮೇಷ್ಟ್ರ ಜೊತೆ ಒಬ್ಬರೇ ಕೂತು ಮಾತಾಡುವ ಕಾನ್ಫರೆನ್ಸ್ ಇಟ್ಟಿರುವುದೇ ಇಂಥದ್ದನ್ನು ಹೇಳಿಕೊಳ್ಳಲಿಕ್ಕೆ. ಸಂಸ್ಥೆ ಬದಲಿಸಿಕೊಡಿ ಎಂದು ಕೇಳಿದರೂ ನಾಚಿಕೆಪಡಬೇಕಿಲ್ಲ ಎಂದೆ.

ಸಮಾಜಕಾರ್ಯಕರ್ತರು ನೆರವು ಕೇಳಿ ಬಂದವರ ಜೊತೆ ಹೇಗಿರಬೇಕು ಎಂದು ಹೇಳುವ ಬೀಸ್ಟೆಕ್ ಅವರ ಏಳು ತತ್ವಗಳು ಅವಳಿಗೆ ಬಾಯಿಪಾಠ. ಅದರಲ್ಲೊಂದು, ಭಾವನೆಯ ಮೇಲೆ ಹಿಡಿತವಿಟ್ಟು ತೊಡಗಿಕೊಳ್ಳುವುದು. ಕಣ್ಣು ತುಂಬಿದರೇ ತಪ್ಪು ಎಂದು ತಿಳಿದಿದ್ದಳು. ಒಂದು ನೋಟ್‌ಬುಕ್ಕಿನ ಹಾಳೆ ಮಧ್ಯೆ ಗೆರೆ ಎಳೆದುಕೋ ಎಂದೆ. ಎಡಕ್ಕೆ ರೋಗಿ ಹೇಳಿದ್ದು, ಬಲಕ್ಕೆ ತನಗನ್ನಿಸಿದ್ದು. ಎಡಗಡೆಯದು ವರದಿಗೆ. ಬಲಗಡೆಯದನ್ನು ಇಲ್ಲಿಗೆ ತಂದು ಮಾತಾಡೋಣ.

"ಅಪ್ಪ ಕುಡಿಯೋದಕ್ಕೆ ನೀನು ಕಾರಣ ಅಲ್ಲ. ಬಿಡಿಸೋದು ನಿನ್ನೊಬ್ಬಳ ಕೈಲೂ ಇಲ್ಲ" ಎಂದಾಗ ಸುಮ್ನೆ ನನ್ನನ್ನೇ ನೋಡಿದಳು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಗುಂಪುಗಳಿವೆ, ಫೀಸಿಲ್ಲ ಎಂದು ತಿಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕೋರ್ಸ್ ಬಿಡುವ ಮಾತನ್ನು ಸೆಮಿಸ್ಟರ್ ಮುಗಿಯುವವರೆಗೆ ಎತ್ತುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು.

ಮೂರು ವಾರಕ್ಕೆ ಮತ್ತೆ ಬಂದಳು. ಮೇಷ್ಟ್ರು ಬೈದರಂತೆ. ನಾಲ್ಕು ದಿನದ ಕೆಲಸವನ್ನು ಮತ್ತೆ ಮಾಡಿಸುತ್ತಿದ್ದಾರೆ. ಸಂಸ್ಥೆ ಬದಲಿಸಿಕೊಳ್ಳಲಿಲ್ಲ. ಸದ್ಯ ರೋಗಿಗಳ ಮನೆಯವರ ಸಭೆಯಲ್ಲಿ ಕೂರುತ್ತಿದ್ದಾಳೆ. ಅಪ್ಪ ಇನ್ನೂ ಕುಡಿಯುತ್ತಿದ್ದಾರೆ. ಮುಂದಿನ ಸಲ ಅಮ್ಮನನ್ನೂ ಇಲ್ಲಿಗೆ ಕರೆದುಕೊಂಡು ಬರಲಾ ಎಂದು ಕೇಳಿದಳು.