ಬ್ಯಾಂಕ್ ಕೆಲಸ ಬಿಟ್ಟು 33ನೇ ವಯಸ್ಸಿನಲ್ಲಿ ಎಂಎಸ್‌ಡಬ್ಲ್ಯೂ ಮಾಡಬಹುದಾ?

ಬಿಕಾಂ ಆಗಿದೆ, ಒಂಬತ್ತು ವರ್ಷದಿಂದ ಬ್ಯಾಂಕಿನಲ್ಲಿದ್ದೀನಿ, ಈಗ ಸಮಾಜಕಾರ್ಯ ಓದೋಕೆ ತಡವಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಾನು ಸೇರಿದಾಗ ನನಗೆ 34. ಅದಕ್ಕೆ ಮುಂಚೆ ಹತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ.

ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎರಡು ವರ್ಷದ ಕೋರ್ಸು. ಬೇರೆ ಡಿಗ್ರಿ ಮಾಡಿದವರನ್ನೂ ಸೇರಿಸಿಕೊಳ್ಳುತ್ತಾರೆ, ಆದರೆ ನಿಯಮ ಒಂದೊಂದು ಕಡೆ ಒಂದೊಂದು ಥರ. ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಿ. ಮೈಸೂರು ವಿಶ್ವವಿದ್ಯಾಲಯದಲ್ಲಿದೆ, ಧಾರವಾಡದಲ್ಲಿದೆ, ಮಂಗಳೂರಿನ ರೋಶನಿ ನಿಲಯ ಕಾಲೇಜಂತೂ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಕೆಲಸ ಬಿಡೋಕೆ ಆಗಲ್ಲ ಅಂದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣ ಇದೆ. ಅಲ್ಲೂ ಫೀಲ್ಡ್‌ವರ್ಕ್, ಅಂದರೆ ಆಸ್ಪತ್ರೆ, ಸಂಸ್ಥೆಗಳಿಗೆ ಹೋಗಿ ಜನರ ಜೊತೆ ಕೆಲಸ ಮಾಡುತ್ತಾ ಕಲಿಯೋದು, ತಪ್ಪಿದ್ದಲ್ಲ.

ಆ ಫೀಲ್ಡ್‌ವರ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕಲಿತಿದ್ದೆಲ್ಲ ಅಲ್ಲೇ. ನಮಗೆ ವಾರಕ್ಕೆ ಎರಡು ದಿನ ಇರುತ್ತಿತ್ತು. ನನ್ನನ್ನು ಒಂದು ಸರ್ಕಾರಿ ಆಸ್ಪತ್ರೆಗೆ ಹಾಕಿದ್ದರು. ಟಿಬಿ ಮಾತ್ರೆ ಅರ್ಧಕ್ಕೇ ನಿಲ್ಲಿಸಿದ್ದ ಒಬ್ಬ ಹೆಂಗಸಿನ ಮನೆಗೆ ಹೋದೆ. ಮಾತ್ರೆ ಬಿಟ್ಟರೆ ಏನಾಗುತ್ತೆ ಅಂತ ಚೆನ್ನಾಗಿ ವಿವರಿಸಿದೆ. ಬಂದು ಮೂರು ಪುಟ ರಿಪೋರ್ಟ್ ಬರೆದೆ. ಸೂಪರ್‌ವೈಸರ್ ಮೇಡಂ ಅದರ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: 'ಅವರು ಏನಂದರು?' ತಿರುಗಿಸಿ ನೋಡಿದೆ. ಮೂರು ಪುಟದಲ್ಲಿ ಆಕೆಯ ಮಾತು ಎರಡು ಸಾಲೂ ಇರಲಿಲ್ಲ.

ಮುಂದಿನ ವಾರ ಹೋಗಿ ಸುಮ್ನೆ ಕೂತೆ. ಆಕೆ ಹುಣಸೆಹಣ್ಣು ಬಿಡಿಸುತ್ತಿದ್ದರು, ನಾನೂ ಕೈ ಹಾಕಿದೆ. ಸುಮಾರು ಹೊತ್ತಾದ ಮೇಲೆ ತಾವೇ ಹೇಳಿದರು. ಬೆಳಗ್ಗೆ ಆರಕ್ಕೆ ಕೂಲಿಗೆ ಹೋಗಬೇಕು, ಅಷ್ಟೊತ್ತಿಗೆ ಮನೆಯಲ್ಲಿ ತಿನ್ನೋಕೆ ಏನೂ ಇರಲ್ಲ, ಹಸಿದ ಹೊಟ್ಟೆಗೆ ಮಾತ್ರೆ ನುಂಗಿದರೆ ವಾಂತಿ. ಟಿಬಿ ಇರುವವರ ಊಟಕ್ಕೆಂದು ಸರ್ಕಾರ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. ಆಕೆಯ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿತ್ತು, ದುಡ್ಡು ಬಂದೇ ಇರಲಿಲ್ಲ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿದೆವು. ಖಾತೆ ಸರಿ ಮಾಡಿಸೋಕೆ ಏನೇನು ಕಾಗದ ಬೇಕು ಅಂತ ನನಗೆ ಗೊತ್ತಿತ್ತು. ನಿಮಗಂತೂ ಅದು ನೀರು ಕುಡಿದಷ್ಟು ಸುಲಭ. ಒಂಬತ್ತು ವರ್ಷ ವ್ಯರ್ಥವಾಯ್ತು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಆದ್ದರಿಂದ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅಲ್ಲಿ ಈಗ ಓದುತ್ತಿರುವವರನ್ನು ಹಿಡಿದು ಕೇಳಿ: ಫೀಲ್ಡ್‌ವರ್ಕ್ ರಿಪೋರ್ಟನ್ನು ವಾರವಾರ ಯಾರಾದರೂ ಓದುತ್ತಾರಾ, ಕೂರಿಸಿಕೊಂಡು ಮಾತಾಡುತ್ತಾರಾ? ಬರೀ ಸಹಿ ಹಾಕಿ ಕೊಡುತ್ತಾರೆ ಅಂದರೆ ಬೇರೆ ಕಡೆ ನೋಡಿ.

ಸಂಬಳದ ವಿಷಯ ಮುಚ್ಚಿಡಲ್ಲ. ಬ್ಯಾಂಕಿನಷ್ಟು ಶುರುವಿನಲ್ಲಿ ಸಿಗಲ್ಲ. ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಆಸ್ಪತ್ರೆಗಳಲ್ಲಿ ಕೆಲಸ ಇದೆ, ಆದರೆ ಹೆಚ್ಚಿನವು ಗುತ್ತಿಗೆ ಮೇಲೆ. ಮಾನಸಿಕ ಆರೋಗ್ಯದ ಕಡೆ ಮನಸ್ಸಿದ್ದರೆ ಎಂಎಸ್‌ಡಬ್ಲ್ಯೂ ಆದ ಮೇಲೆ ನಿಮ್ಹಾನ್ಸ್‌ನಂಥ ಕಡೆ ಇನ್ನೂ ಓದಬೇಕಾಗಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ. ಮನೆ ಸಾಲ ಇದ್ದರೆ ಮೊದಲು ಮನೆಯವರ ಜೊತೆ ಕೂತು ಮಾತಾಡಿ.

ರಾಜೀನಾಮೆ ಈಗಲೇ ಬೇಡ. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಅಲ್ವಾ? ನಿಮ್ಮೂರಿನ ಯಾವುದಾದರೂ ವೃದ್ಧಾಶ್ರಮಕ್ಕೋ ಮಕ್ಕಳ ಮನೆಗೋ ಹೋಗಿ, ಆ ಎರಡು ದಿನ ಬರುತ್ತೇನೆ ಅಂತ ಕೇಳಿ. ಆರು ತಿಂಗಳು ತಪ್ಪದೆ ಹೋಗಿ. ಅಷ್ಟರಲ್ಲಿ ಅರ್ಜಿ ಹಾಕಬೇಕಾ ಬೇಡವಾ ಅಂತ ನಿಮಗೇ ಗೊತ್ತಾಗಿರುತ್ತೆ. ಹಾಕಿದರೆ ಇಲ್ಲೇ ಬಂದು ತಿಳಿಸಿ, ನನಗೆ ತುಂಬಾ ಸಂತೋಷ ಆಗುತ್ತೆ.