ನಿಮ್ಮ ಲೇಖನವನ್ನು ಏಳನೇ ಪುಟದಿಂದ ಶುರು ಮಾಡಿ

ನಮಸ್ಕಾರ.

‘ಅರಬ್ ಜಗತ್ತಿನಲ್ಲಿ ಸುಧಾರಣೆಯ ಗಾಳಿ’ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆಯಲ್ಲ, ಅದಕ್ಕೋಸ್ಕರ ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ.

ತಕರಾರುಗಳನ್ನು ಮೊದಲೇ ಮುಗಿಸಿಬಿಡುತ್ತೇನೆ. ಹನ್ನೆರಡು ಪುಟಗಳಲ್ಲಿ ಟ್ಯುನೀಷಿಯ, ಈಜಿಪ್ಟ್, ಸಿರಿಯ, ಯೆಮನ್, ಸೌದಿ, ಕತಾರ್ ಎಲ್ಲವೂ ಬಂದುಹೋಗುತ್ತವೆ. ಯಾವುದೂ ನಿಲ್ಲುವುದಿಲ್ಲ. 2011ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಬೆನ್ ಅಲಿ ಸೌದಿಗೆ ಓಡಿಹೋದಲ್ಲಿಗೇ ಟ್ಯುನೀಷಿಯದ ಕಥೆ ಮುಗಿಸಿದ್ದೀರಿ. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನೇ ಅಮಾನತಿನಲ್ಲಿಟ್ಟರಲ್ಲ, ಅದು ಎಲ್ಲಿ? ಇರಾನ್ ಮತ್ತು ಟರ್ಕಿಯನ್ನು ಅರಬ್ ದೇಶಗಳ ಪಟ್ಟಿಗೆ ಸೇರಿಸಿದ್ದೀರಿ. ಅರಬ್ ಲೀಗ್‌ನ 22 ಸದಸ್ಯರಲ್ಲಿ ಎರಡೂ ಇಲ್ಲ. ಓದುಗರು ಮೊದಲು ಹಿಡಿಯುವುದೇ ಇಂಥದ್ದನ್ನು.

ಈಗ ಆ ಏಳನೇ ಪುಟ. 2017ರ ಜೂನ್, ರಂಜಾನ್ ತಿಂಗಳು. ಕತಾರ್‌ನ ರಾಜಧಾನಿ ದೋಹಾದ ಸೂಪರ್‌ಮಾರ್ಕೆಟ್ ಒಂದರಲ್ಲಿ ನೀವು ಸ್ಟಾಕ್ ನೋಡಿಕೊಳ್ಳುತ್ತಿದ್ದಿರಿ. ಒಂದೇ ದಿನದಲ್ಲಿ ಹಾಲಿನ ಕಪಾಟು ಖಾಲಿ. ಕೆಲವು ದಿನಗಳಲ್ಲಿ ಸೌದಿ ಹಾಲಿನ ಜಾಗಕ್ಕೆ ಟರ್ಕಿಯ ಡಬ್ಬಿಗಳು ಬಂದವು. ಲೇಬಲ್ ಯಾರಿಗೂ ಅರ್ಥವಾಗದೆ, ಹಾಲು ಯಾವುದು, ಮಜ್ಜಿಗೆ ಯಾವುದು ಅಂತ ತಿಳಿಯೋಕೆ ಕುಂದಾಪುರದ ಹುಡುಗನೊಬ್ಬ ಒಂದೊಂದನ್ನೇ ಒಡೆದು ರುಚಿ ನೋಡಿದ. ಇಷ್ಟು ಬರೆದು ಐದೇ ಸಾಲಿಗೆ ಬಿಟ್ಟು, ಸೀದಾ ಯೆಮನ್‌ಗೆ ಹಾರಿಬಿಟ್ಟಿದ್ದೀರಿ. ಏನು ಅವಸರ ಇತ್ತು?

ಗಲ್ಫ್ ರಾಜಕೀಯ ಪೂರ್ತಿ ಆ ಕಪಾಟಿನಲ್ಲೇ ಇದೆ. ಜೂನ್ 5ರಂದು ಸೌದಿ, ಯುಎಇ, ಬಹ್ರೈನ್, ಈಜಿಪ್ಟ್ ಕತಾರ್ ಜೊತೆ ಸಂಬಂಧ ಕಡಿದುಕೊಂಡವು. ಕತಾರ್‌ಗೆ ನೆಲದ ಗಡಿ ಇರುವುದು ಸೌದಿ ಜೊತೆ ಮಾತ್ರ. ಆ ಗಡಿ ಮುಚ್ಚಿದ್ದರಿಂದ ಹಾಲಿನ ಲಾರಿಯೂ ನಿಂತಿತು. ಟರ್ಕಿಯಿಂದ, ಇರಾನ್‌ನಿಂದ ಆಹಾರ ಬಂತು. ಆಮೇಲೆ ವಿಮಾನದಲ್ಲಿ ಹಸುಗಳನ್ನೇ ತರಿಸಿದರು. ಸೌದಿ, ಯುಎಇ, ಬಹ್ರೈನ್ ಮೂರೂ ತಮ್ಮಲ್ಲಿದ್ದ ಕತಾರಿಗಳಿಗೆ 14 ದಿನದೊಳಗೆ ಹೊರಡಿ ಅಂದವು. ಗಂಡ ಕತಾರಿ, ಹೆಂಡತಿ ಸೌದಿ ಆಗಿದ್ದ ಮನೆಗಳ ಪಾಡು ಏನಾಗಿರಬೇಕು? ನಿಮ್ಮ ಅಂಗಡಿಗೆ ಅಂಥ ಗಿರಾಕಿಗಳು ಬರುತ್ತಿದ್ದರೆ ಬರೆಯಿರಿ.

ಇನ್ನೊಂದು ವಿಷಯ. ಲೇಖನದುದ್ದಕ್ಕೂ ಎಲ್ಲ ಜಗಳಕ್ಕೂ ‘ಶಿಯಾ–ಸುನ್ನಿ ದ್ವೇಷವೇ ಕಾರಣ’ ಅಂದಿದ್ದೀರಿ. ನಮ್ಮಲ್ಲಿ ಬರುವ ಹತ್ತರಲ್ಲಿ ಒಂಬತ್ತು ಲೇಖನಗಳೂ ಇದನ್ನೇ ಹೇಳುತ್ತವೆ. ನಿಮ್ಮ ಹಾಲಿನ ಕಪಾಟೇ ಅದನ್ನು ಸುಳ್ಳು ಮಾಡುತ್ತದೆ, ಗಮನಿಸಿದಿರಾ? ಕತಾರ್ ಸುನ್ನಿ ದೇಶ, ಅದೂ ಸೌದಿಯ ಹಾಗೆ ವಹಾಬಿ ಪಂಥದ್ದು. ಜಗಳ ಬೇರೆ ಕಡೆ ಇತ್ತು. ಜೂನ್ 22ರಂದು ಕತಾರ್‌ಗೆ ಕಳಿಸಿದ 13 ಬೇಡಿಕೆಗಳನ್ನೇ ನೋಡಿ: ನಿಮ್ಮ ಸುದ್ದಿ ವಾಹಿನಿ ಅಲ್ ಜಝೀರಾ ಮುಚ್ಚಿ, ಇಸ್ಲಾಮಿ ರಾಜಕೀಯ ಸಂಘಟನೆ ಮುಸ್ಲಿಂ ಬ್ರದರ್‌ಹುಡ್ ನಂಟು ಬಿಡಿ, ಟರ್ಕಿಯ ಸೇನಾ ನೆಲೆ ತೆಗೆಯಿರಿ, ಇರಾನ್ ಜೊತೆ ಸಂಬಂಧ ಕಡಿಮೆ ಮಾಡಿ. ಆದರೆ ಕತಾರ್‌ನ ಅನ್ನವೇ ಇರಾನ್ ಜೊತೆ ಹಂಚಿಕೊಂಡಿರುವ ಸಮುದ್ರದಡಿಯ ಗ್ಯಾಸ್ ನಿಕ್ಷೇಪ. ಅದು ಇರಾನ್ ಕಡೆ ಬೆನ್ನು ತಿರುಗಿಸುವುದಾದರೂ ಹೇಗೆ? 2021ರ ಜನವರಿ 5ರಂದು ಸೌದಿಯ ಅಲ್ ಉಲಾದಲ್ಲಿ ರಾಜಿ ಆಯಿತು. ಅಲ್ ಜಝೀರಾ ಮುಚ್ಚಲಿಲ್ಲ, ಟರ್ಕಿ ಸೈನಿಕರೂ ಹೋಗಲಿಲ್ಲ. ಮೂರೂವರೆ ವರ್ಷದ ದಿಗ್ಬಂಧನದಿಂದ ಸೌದಿಗೆ ಏನು ಸಿಕ್ಕಿತು ಅಂತ ಕೇಳಿ ನೋಡಿ. ಒಳ್ಳೆ ಪುಟ ಆಗುತ್ತದೆ.

ಇನ್ನು ಸುಧಾರಣೆ. ಸೌದಿಯಲ್ಲಿ ಹೆಂಗಸರು ಕಾರು ಓಡಿಸುವುದನ್ನು ಎರಡು ಪುಟ ಹೊಗಳಿದ್ದೀರಿ. 2018ರ ಜೂನ್ 24ರಂದು ಆ ನಿಷೇಧ ತೆಗೆದಿದ್ದು ನಿಜ. ಆ ಹಕ್ಕು ಬೇಕು ಅಂತ ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್ಲೂಲ್ ಅವರಂಥವರನ್ನು ಮೇ ತಿಂಗಳಲ್ಲೇ ಜೈಲಿಗೆ ಹಾಕಿದ್ದೂ ನಿಜ. ಎರಡನ್ನೂ ಅಕ್ಕಪಕ್ಕ ಇಡದಿದ್ದರೆ ಸುಮ್ನೆ ಸರ್ಕಾರಿ ಜಾಹೀರಾತಿನ ಹಾಗೆ ಓದಿಸಿಕೊಳ್ಳುತ್ತದೆ.

ನನಗೆ ಜಾಸ್ತಿ ಆಶ್ಚರ್ಯವಾಗಿದ್ದು ಬೇರೆ. ನಿಮ್ಮನ್ನೇ ಮುಟ್ಟಿದ ಸುಧಾರಣೆ ಬಗ್ಗೆ ಒಂದು ಸಾಲೂ ಇಲ್ಲ! ನೀವು ದೋಹಾದಲ್ಲಿದ್ದಾಗ ಊರಿಗೆ ಬರಬೇಕಾದರೆ ಕಫೀಲ್, ಅಂದರೆ ನಿಮ್ಮ ವೀಸಾದ ಹೊಣೆ ಹೊತ್ತ ಮಾಲೀಕ, ಒಪ್ಪಿ ದೇಶ ಬಿಡುವ ಎಕ್ಸಿಟ್ ಪರ್ಮಿಟ್ ಆಗಬೇಕಿತ್ತು ಅಲ್ವಾ? 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ಅದನ್ನು ತೆಗೆದರು. ಮನೆಗೆಲಸದವರು 2020ರ ಜನವರಿವರೆಗೆ ಕಾಯಬೇಕಾಯಿತು. ಅದೇ ವರ್ಷ ಮಾಲೀಕನ ಒಪ್ಪಿಗೆ ಪತ್ರ (ಎನ್‌ಒಸಿ) ಇಲ್ಲದೆ ಕೆಲಸ ಬದಲಿಸಬಹುದು ಅಂತ ಕಾನೂನು ಬಂತು. 2021ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ. ಕಾಗದದ ಮೇಲೆ ಇಷ್ಟು. ನಿಜವಾಗಿ ಏನಾಯಿತು? ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿತ್ತು? ಆ ಕುಂದಾಪುರದ ಹುಡುಗ ಬೇರೆ ಕೆಲಸಕ್ಕೆ ಹೋಗೋಕೆ ಆಯ್ತಾ? ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ಗೊತ್ತು, ಬರೆದವರು ಮಾತ್ರ ಕಮ್ಮಿ.

ಹಾಗಾಗಿ ಮೊದಲ ಆರು ಪುಟ ತೆಗೆದುಹಾಕಿ, ಕೊನೆಯ ಎರಡನ್ನೂ. ಹಾಲಿನ ಕಪಾಟಿನಿಂದ ಶುರು ಮಾಡಿ ಕತಾರ್ ಬಿಟ್ಟು ಆಚೆ ಹೋಗಬೇಡಿ. ಸೌದಿ ಬೇಕಾದಷ್ಟು ತಾನೇ ಬರುತ್ತದೆ. ಸಾವಿರದೈನೂರು ಪದ ಸಾಕು. ಅಂಗಡಿಯ ಹೆಸರು ಬೇಡ. ಹುಡುಗನ ಹೆಸರು, ಊರು ಬದಲಿಸಿ. ಅವನು ಇನ್ನೂ ಅಲ್ಲೇ ದುಡಿಯುತ್ತಿದ್ದರೆ ಮೊದಲು ಅವನಿಗೆ ಫೋನ್ ಮಾಡಿ, ಬರೆಯಲಾ ಅಂತ ಕೇಳಿ. ಅವನು ಬೇಡ ಅಂದರೆ ನನಗೆ ತಿಳಿಸಿ, ಆ ಭಾಗವನ್ನು ಹೇಗೆ ಬರೆಯಬಹುದು ಅಂತ ಕೂತು ನೋಡೋಣ.